ಬೂತಾಯಿ ಎಲ್ಲಿ ಹೋಯಿತು? ಒಂದು ಪ್ರಶ್ನೆಗೆ ದಕ್ಕೆ ತುಂಬ ಉತ್ತರ

ಬೂತಾಯಿ ಮೀನು ಯಾಕೆ ಮೊದಲಿನ ಹಾಗೆ ಸಿಗುವುದಿಲ್ಲ ಎಂದು ಉಡುಪಿಯ ಮಲ್ಪೆ ದಕ್ಕೆಯಲ್ಲಿ, ಅಂದರೆ ಬೋಟುಗಳು ಮೀನು ಇಳಿಸುವ ಕಟ್ಟೆಯಲ್ಲಿ, ಕೇಳಿ ನೋಡಿ. ಸಣ್ಣ ನಾಡದೋಣಿಯವರು ಲೈಟ್ ಫಿಶಿಂಗ್, ಅಂದರೆ ರಾತ್ರಿ ಬೆಳಕು ಹಾಯಿಸಿ ಮೀನು ಹಿಡಿಯುವುದನ್ನು, ಮಾಡುವವರ ಕಡೆ ಕೈ ತೋರಿಸುತ್ತಾರೆ. ಮೀನಿನ ಹಿಂಡನ್ನು ಬಲೆಯಲ್ಲಿ ಸುತ್ತುವರಿದು ಎತ್ತುವ ಪರ್ಸಿನ್ ಬೋಟಿನವರು, ಬಲೆಯನ್ನು ಹಿಂದೆ ಎಳೆದುಕೊಂಡು ಹೋಗುವ ಟ್ರಾಲ್ ಬೋಟಿನವರನ್ನು ಬಯ್ಯುತ್ತಾರೆ. ಟ್ರಾಲ್ ಬೋಟಿನವರಿಗೆ ಹೊರರಾಜ್ಯದ ಬೋಟುಗಳ ಮೇಲೆ ಸಿಟ್ಟು. ವಿಜ್ಞಾನಿಗಳು ಎಲ್ ನಿನೋ ಎಂಬ ಹವಾಮಾನದ ಏರುಪೇರು, ಕಡಲಿನ ಬಿಸಿ ಅನ್ನುತ್ತಾರೆ. ಪರಿಸರದವರು ಮೀನನ್ನು ಹಿಟ್ಟು ಮಾಡುವ ಫಿಶ್‌ಮೀಲ್ ಕಾರ್ಖಾನೆಯ ಹೆಸರು ಹೇಳುತ್ತಾರೆ. ಬುಟ್ಟಿ ಇಟ್ಟುಕೊಂಡು ಕೂತ ಅಕ್ಕನ ಹತ್ತಿರ ಕೇಳಿದರೆ, 'ಮೀನು ಉಂಟು ಮಾರಾಯ್ರೆ, ಕ್ರಯ ಕೊಡುವವರಿಲ್ಲ' ಎಂಬ ಉತ್ತರ ಬಂದರೂ ಬಂತು.

ಇಷ್ಟು ಉತ್ತರ ಕೇಳಿದವರು ಸಾಮಾನ್ಯವಾಗಿ ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ. ಒಬ್ಬರ ಮಾತನ್ನು ಗಟ್ಟಿ ಹಿಡಿದು ಉಳಿದವರೆಲ್ಲ ಸುಳ್ಳು ಅನ್ನುವುದು ಒಂದು ದಾರಿ. 'ಎಲ್ಲರದೂ ಸ್ವಲ್ಪ ಸ್ವಲ್ಪ ತಪ್ಪಿದೆ' ಎಂದು ಕೈ ತೊಳೆದುಕೊಳ್ಳುವುದು ಇನ್ನೊಂದು. ನನಗೆ ಎರಡೂ ಸೋಮಾರಿತನ ಅನಿಸುತ್ತದೆ. ದಕ್ಕೆಯಲ್ಲಿ ಜಗಳ ಆಡುವ ಇವರು ಉತ್ತರ ಕೊಡುತ್ತಿರುವುದು ಒಂದೇ ಪ್ರಶ್ನೆಗಲ್ಲ. ಕಡಲಲ್ಲಿ ಮೀನು ಎಷ್ಟಿದೆ ಎಂಬುದು ಒಂದು ಪ್ರಶ್ನೆ. ಇದ್ದ ಮೀನು ಯಾರ ಬಲೆಗೆ ಬೀಳುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಬಿದ್ದ ಮೀನಿನಲ್ಲಿ ಡೀಸೆಲ್, ಐಸ್, ಬಲೆ ರಿಪೇರಿ ಕಳೆದು ಎಷ್ಟು ಉಳಿಯುತ್ತದೆ, ಅದು ಯಾರ ಕೈಗೆ ಹೋಗುತ್ತದೆ ಎಂಬುದು ಮೂರನೆಯದು. ಇವನ್ನೆಲ್ಲ 'ಮೀನಿಲ್ಲ' ಎಂಬ ಒಂದೇ ಮಾತಿಗೆ ತುಂಬಿಸಿ ನಾವು ಕೂಗಾಡುತ್ತೇವೆ.

ಮೊದಲನೆಯ ಪ್ರಶ್ನೆ, ಅಂದರೆ ಕಡಲಲ್ಲಿ ಮೀನು ಎಷ್ಟಿದೆ ಎಂಬುದನ್ನೇ ನೋಡೋಣ. ಬೂತಾಯಿ ಕಡಿಮೆಯಾಗಿದ್ದು ಇದೇ ಮೊದಲಲ್ಲ. 1940ರ ದಶಕದಲ್ಲಿ ಈ ಕರಾವಳಿಯಲ್ಲಿ ಬೂತಾಯಿ ಜೋರಾಗಿ ಕುಸಿದಿತ್ತು. ಆಗ ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಮರಿ ಬೂತಾಯಿ ಹಿಡಿಯುವುದಕ್ಕೆ ಅಂದಿನ ಸರಕಾರ ನಿರ್ಬಂಧವನ್ನೂ ಹಾಕಿತ್ತು. ಆ ಕಾಲಕ್ಕೆ ಇಲ್ಲಿ ಟ್ರಾಲ್ ಬೋಟ್ ಇರಲಿಲ್ಲ, ಪರ್ಸಿನ್ ಇರಲಿಲ್ಲ, ಎಲ್‌ಇಡಿ ಬಲ್ಬಂತೂ ಇಲ್ಲವೇ ಇಲ್ಲ. ಹಾಗಾದರೆ ಎಲ್ಲ ತಪ್ಪೂ ಯಂತ್ರದ ಬೋಟಿನದ್ದೇ ಎಂಬ ಮಾತು ಪೂರ್ತಿ ನಿಲ್ಲುವುದಿಲ್ಲ, ಅಲ್ವಾ?

ಬೂತಾಯಿಯ ಸ್ವಭಾವವೇ ಹಾಗೆ. ಅದರ ಆಯುಸ್ಸು ಎರಡು, ಎರಡೂವರೆ ವರ್ಷ. ಒಂದು ವರ್ಷ ತುಂಬುವುದರೊಳಗೆ ಮೊಟ್ಟೆಗೆ ಬರುತ್ತದೆ. ಮಳೆಗಾಲದಲ್ಲಿ ಕಡಲಿನ ತಳದ ತಣ್ಣನೆಯ ನೀರು ಮೇಲಕ್ಕೆ ಬರುತ್ತದೆ. ಅದರ ಜೊತೆ ಗೊಬ್ಬರದಂಥ ಪೋಷಕಾಂಶಗಳೂ ಬರುತ್ತವೆ. ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಹುಲುಸಾಗಿ ಬೆಳೆಯುತ್ತದೆ. ಬೂತಾಯಿ ಬದುಕುವುದು ಅದನ್ನು ತಿಂದೇ. ಒಂದು ವರ್ಷ ಮಳೆ, ಗಾಳಿ, ನೀರಿನ ಬಿಸಿ ಸರಿಯಾಗಿ ಕೂಡಿ ಬರದಿದ್ದರೆ ಮರಿಗಳಿಗೆ ಊಟವಿಲ್ಲ. ಮರುವರ್ಷ ದಕ್ಕೆಯಲ್ಲಿ ಬುಟ್ಟಿ ಖಾಲಿ.

ಪಕ್ಕದ ಕೇರಳದ ಲೆಕ್ಕ ನೋಡಿದರೆ ಏರಿಳಿತ ಎಷ್ಟು ದೊಡ್ಡದು ಎಂದು ಗೊತ್ತಾಗುತ್ತದೆ. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಕಾರ 2012ರಲ್ಲಿ ಅಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ದಡಕ್ಕೆ ಬಂದಿತ್ತು. 2021ರಲ್ಲಿ ಬಂದಿದ್ದು 3,297 ಟನ್. ಲಕ್ಷ ಅಲ್ಲ, ಬರೇ ಸಾವಿರ. 2024ಕ್ಕೆ ಮತ್ತೆ 1.49 ಲಕ್ಷ ಟನ್ನಿಗೆ ಏರಿತು. ಮೀನು ವಾಪಸ್ ಬಂತು ಎಂದು ಖುಷಿ ಪಡಬೇಕಾದ ವರ್ಷ ಅದು. ಆದರೆ ಬಂದಿದ್ದೆಲ್ಲ ಸಣ್ಣ ಸೈಜು. ಸಣ್ಣದು ರಾಶಿ ರಾಶಿ ಬಂದಾಗ ಕ್ರಯ ಬಿತ್ತು. ವಿಜ್ಞಾನಿಯ ಪುಸ್ತಕದಲ್ಲಿ ಒಳ್ಳೆಯ ವರ್ಷವಾಗಿದ್ದು ಎಷ್ಟೋ ಮೀನುಗಾರರ ಲೆಕ್ಕದಲ್ಲಿ ಕೆಟ್ಟ ವರ್ಷವಾಯಿತು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒಬ್ಬರು ಟನ್ ಎಣಿಸಿದ್ದಾರೆ, ಇನ್ನೊಬ್ಬರು ರೂಪಾಯಿ.

ಇಲ್ಲಿ ವಿಜ್ಞಾನಿಯ ಲೆಕ್ಕದ ಒಂದು ಮಿತಿಯನ್ನೂ ಹೇಳಬೇಕು. ನಾವು ಪತ್ರಿಕೆಯಲ್ಲಿ ಓದುವ ಟನ್ ಲೆಕ್ಕ ಕಡಲಲ್ಲಿರುವ ಮೀನಿನದ್ದಲ್ಲ, ಬಂದರಿಗೆ ಬಂದ ಮೀನಿನದ್ದು. ಮಂಗಳೂರಿನ ಬೋಟು ಮೊದಲು ಎರಡು ಗಂಟೆ ದೂರದಲ್ಲಿ ತುಂಬಿಸಿಕೊಂಡು ಬರುತ್ತಿದ್ದ ಮೀನನ್ನು ಈಗ ಗೋವಾ, ಮಹಾರಾಷ್ಟ್ರದ ಕಡೆ ಹೋಗಿ ಹತ್ತು ದಿನ ನಿಂತು ತುಂಬಿಸಿಕೊಂಡು ಬಂದರೂ ದಕ್ಕೆಯ ಪುಸ್ತಕದಲ್ಲಿ ಅಷ್ಟೇ ಟನ್. ಏನೂ ಬದಲಾಗಿಲ್ಲ ಎಂದು ಕಾಣುತ್ತದೆ. ಬದಲಾಗಿದ್ದು ಡೀಸೆಲ್ ಬಿಲ್ಲಿನಲ್ಲಿದೆ. ಅದು ಬೋಟು ನಡೆಸುವ ತಂಡೇಲನಿಗೆ ಗೊತ್ತು, ಬೋಟಿನ ಯಜಮಾನನಿಗೆ ಗೊತ್ತು. ಸಂಶೋಧಕರಿಗೂ ಇದು ಗೊತ್ತಿಲ್ಲದ ವಿಷಯವಲ್ಲ. ಎಷ್ಟು ಗಂಟೆ ಬಲೆ ಎಳೆದರೆ ಎಷ್ಟು ಕಿಲೋ ಸಿಕ್ಕಿತು ಎಂಬ ಲೆಕ್ಕವನ್ನೂ ಅವರು ತೆಗೆಯುತ್ತಾರೆ. ಆದರೆ ಟಿವಿಯಲ್ಲಿ, ಸಭೆಯಲ್ಲಿ, ಮಂತ್ರಿಗಳ ಭಾಷಣದಲ್ಲಿ ಬರುವುದು ಒಟ್ಟು ಟನ್ ಒಂದೇ. ಒಟ್ಟು ಟನ್ ಏರಿದರೆ ಮೀನುಗಾರಿಕೆ ಉದ್ಧಾರ ಆಯಿತು ಎಂದು ಚಪ್ಪಾಳೆ.

ನಾಡದೋಣಿಯವರ ಮಾತಿಗೆ ಬರುತ್ತೇನೆ. ಇವರ ಮಾತನ್ನು ವಿದ್ಯಾವಂತರು ಬಹಳ ಕಾಲ ಮೂಢನಂಬಿಕೆ ಎಂಬ ಹಾಗೆ ಕೇಳಿದ್ದಾರೆ. ಮಳೆಗಾಲದಲ್ಲಿ ಇವರು ತೂಫಾನ್‌ಗೆ ಕಾಯುತ್ತಾರೆ. ತೂಫಾನ್ ಎದ್ದು ಕಡಲು ಕದಡಬೇಕು, ಆಮೇಲೆ ಸ್ವಲ್ಪ ಶಾಂತವಾಗಬೇಕು. ಆಗಲೇ ಮೀನು ದಡದ ಹತ್ತಿರ ಬರುವುದು, ಆಗಲೇ ದೋಣಿ ಇಳಿಸುವುದು. ತೂಫಾನ್ ಸರಿಯಾಗಿ ಆಗದ ವರ್ಷ 'ಈ ಸಲ ಕಥೆ ಮುಗಿಯಿತು' ಎಂದು ಜೂನ್ ತಿಂಗಳಲ್ಲೇ ಹೇಳಿಬಿಡುತ್ತಾರೆ. ತಳದ ನೀರು ಮೇಲೆ ಬರುವುದು, ಪಾಚಿ ಬೆಳೆಯುವುದು, ಮೀನು ದಡಕ್ಕೆ ಸರಿಯುವುದು ಎಂದು ವಿಜ್ಞಾನಿ ಹೇಳುವುದಕ್ಕೂ ಇದಕ್ಕೂ ಬಹಳ ದೂರವಿಲ್ಲ. ಒಬ್ಬರು ಥರ್ಮಾಮೀಟರ್ ಇಟ್ಟು ನೋಡಿದ್ದಾರೆ, ಇನ್ನೊಬ್ಬರು ಅಲೆಯ ಬಣ್ಣ ನೋಡಿದ್ದಾರೆ. ಪರಿಚಯವೇ ಇಲ್ಲದ ಇಬ್ಬರು ಒಂದೇ ಸಂಗತಿ ಹೇಳಿದರೆ ಅದಕ್ಕೆ ತೂಕ ಜಾಸ್ತಿ.

ಆದರೆ ಇದೇ ನಾಡದೋಣಿಯವರ ಇನ್ನೊಂದು ಮಾತಿಗೆ ಅಷ್ಟು ತೂಕ ಕೊಡಲು ನನಗೆ ಆಗುವುದಿಲ್ಲ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ. ಸಣ್ಣ ಎಂಜಿನ್ ಇರುವ ನಾಡದೋಣಿಗೆ ವಿನಾಯಿತಿ ಇದೆ. ನಮ್ಮಿಂದ ಏನೂ ಹಾನಿ ಇಲ್ಲ ಎಂಬುದು ಅವರ ವಾದ. ಬೂತಾಯಿ ಮೊಟ್ಟೆ ಇಡುವುದು ಮುಖ್ಯವಾಗಿ ಇದೇ ಮಳೆಗಾಲದಲ್ಲಿ. ದೋಣಿ ಸಣ್ಣದಾದರೂ ಹತ್ತಾರು ಜನ ಸೇರಿ ಬಿಡುವ ಮಾಟುಬಲೆ ಸಣ್ಣದೇನಲ್ಲ. ಟ್ರಾಲ್ ಬೋಟಿನವರು 'ನಮಗೆ ರಜೆ ಕೊಟ್ಟು ಅವರಿಗೆ ಮೊಟ್ಟೆ ಮೀನು ಹಿಡಿಯಲು ಬಿಟ್ಟಿದ್ದೀರಿ' ಎಂದು ಗೊಣಗುವುದರಲ್ಲಿ ಹುರುಳಿಲ್ಲ ಎನ್ನಲಾಗದು. ಹಾಗಂತ ವರ್ಷಕ್ಕೆ ಹತ್ತು ತಿಂಗಳು ಕಡಲು ಬಾಚುವವರು, ಎರಡು ತಿಂಗಳು ದಡದಲ್ಲಿ ದೋಣಿ ಇಳಿಸುವವನ ಕಡೆ ಬೆರಳು ತೋರಿಸುವಾಗ ಸ್ವಲ್ಪ ನಾಚಿಕೆಯೂ ಇರಬೇಕು.

ಈ ಸಿಟ್ಟಿಗೆ ಹಳೆಯ ಬೇರಿದೆ. ರಂಪಣಿ ನೋಡಿದವರು ಈಗ ವಯಸ್ಸಾದವರು. ದಡದಿಂದಲೇ ಬಿಟ್ಟು, ಊರಿನವರೆಲ್ಲ ಸೇರಿ ಎರಡು ತುದಿಯಿಂದ ಎಳೆಯುವ ದೊಡ್ಡ ಬಲೆ ಅದು. ಬಲೆಯ ತುಂಡುಗಳು ಬೇರೆ ಬೇರೆ ಮನೆಯವು, ಸಿಕ್ಕಿದ್ದರಲ್ಲಿ ಪಾಲು. ಬಂಗುಡೆ, ಬೂತಾಯಿಯ ಹಿಂಡು ದಡದ ಹತ್ತಿರ ಬಂದರೆ ಮಾತ್ರ ಊಟ, ಬರದಿದ್ದರೆ ಇಲ್ಲ. 1970ರ ದಶಕದ ನಡುವಿನಲ್ಲಿ ಪರ್ಸಿನ್ ಬೋಟು ಬಂತು. ಹಿಂಡು ದಡಕ್ಕೆ ಬರುವವರೆಗೆ ಅದು ಕಾಯಬೇಕಿರಲಿಲ್ಲ. ಕಡಲಲ್ಲೇ ಸುತ್ತುವರಿದು ಎತ್ತಿಬಿಡುತ್ತಿತ್ತು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆಗೆ ಬಿತ್ತು. ಕಡಲಲ್ಲಿ ಮೀನು ಎಷ್ಟಿತ್ತೋ ಅಷ್ಟೇ ಇದ್ದಿರಬಹುದು. ಆದರೆ ದಡದಲ್ಲಿ ಹಗ್ಗ ಹಿಡಿದು ನಿಂತವನಿಗೆ ಮೀನು ಇಲ್ಲವೇ ಇಲ್ಲ ಎಂದಾಯಿತು. ಅವನ ಅನುಭವ ಕಡಲಿನ ಬಗ್ಗೆ ಅಲ್ಲ, ಪಾಲಿನ ಬಗ್ಗೆ. ಇವತ್ತು ಬೆಳಕು ಹಾಯಿಸಿ ಮೀನು ಹಿಡಿಯುವವರ ಮೇಲೆ ಪರ್ಸಿನ್‌ನವರೇ ಕೆಲವರು ದೂರುತ್ತಾರೆ. ನಿನ್ನೆ ಇವರ ಮೇಲಿದ್ದ ದೂರು ಅದು. ಹೊಸ ಉಪಕರಣ ತಂದವರು ಹಳೆಯವರ ಪಾಲನ್ನು ದಡಕ್ಕೆ ಬರುವ ಮೊದಲೇ ಎತ್ತಿಕೊಳ್ಳುತ್ತಾರೆ ಎಂಬ ಮಾತು ಅರ್ಧ ಶತಮಾನದಿಂದ ಬದಲಾಗಿಲ್ಲ. ಹೇಳುವ ಬಾಯಿ ಬದಲಾಗಿದೆ ಅಷ್ಟೇ.

ಇನ್ನು ಫಿಶ್‌ಮೀಲ್. ಇದನ್ನು ಹತ್ತಿರದಿಂದ ನೋಡಬೇಕು. ಆಳಸಮುದ್ರ ಬೋಟು ದಕ್ಕೆಗೆ ತಾಗಿದಾಗ ಒಳ್ಳೆಯ ಮೀನು ಮೊದಲು ಇಳಿಯುತ್ತದೆ. ಬೊಂಡಾಸ್, ಅಂಜಲ್, ದೊಡ್ಡ ಪಾಂಬೋಲ್, ಸಿಗಡಿ ಎಲ್ಲ ಬೇರೆ ಬೇರೆ ಬುಟ್ಟಿಗೆ. ಕೊನೆಗೆ ಉಳಿಯುವ ರಾಶಿಗೆ ಹೆಸರೇ ಇಲ್ಲ. ಸಲಿಕೆಯಲ್ಲಿ ಎತ್ತಿ ಲಾರಿಗೆ ತುಂಬುತ್ತಾರೆ. ಆ ರಾಶಿಯನ್ನು ಕೈಯಲ್ಲಿ ಕೆದಕಿದರೆ ಕಿರುಬೆರಳಿನಷ್ಟು ಉದ್ದದ ಮದ್ಮಲ್ ಸಿಗುತ್ತದೆ. ಶೂ ಲೇಸಿನಷ್ಟು ತೆಳು ಪಾಂಬೋಲ್ ಮರಿ ಸಿಗುತ್ತದೆ. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡ ಬೊಂಡಾಸ್, ಕಾಲು ಮುರಿದ ಏಡಿ, ಚಪ್ಪಟೆಯಾದ ನಂಗ್ ಮರಿ, ಯಾರೂ ತಿನ್ನದ ನಾಲ್ಕಾರು ಜಾತಿ, ಕೆಸರು. ಮೇಲೆ ಬುಟ್ಟಿಯಲ್ಲಿ ಏಲಂ (ಹರಾಜು) ಆದ ಮೀನಿನ ಮಕ್ಕಳೇ ಬಹಳಷ್ಟು ಇಲ್ಲಿವೆ. ಇನ್ನು ಕೆಲವು ತಿಂಗಳು ಕಡಲಲ್ಲಿದ್ದರೆ ಕಿಲೋಗೆ ಒಳ್ಳೆಯ ದುಡ್ಡು ಬರುತ್ತಿದ್ದ ಮೀನು ಹಿಟ್ಟಾಗಿ ಸಿಗಡಿ ಸಾಕಣೆಗೆ, ಕೋಳಿ ಫಾರಂಗೆ ಹೋಗುತ್ತದೆ.

ಮೊದಲು ಈ ಸಣ್ಣ ಮೀನನ್ನು ಕಡಲಿಗೇ ಎಸೆಯುತ್ತಿದ್ದರು. ಕೊಳ್ಳುವ ಕಾರ್ಖಾನೆ ಮಂಗಳೂರು, ಉಡುಪಿ ಕರಾವಳಿಯಲ್ಲಿ ಬೆಳೆದ ಮೇಲೆ ಎಸೆಯುವುದು ನಿಂತಿತು. ವ್ಯರ್ಥ ಕಡಿಮೆ ಆಯಿತಲ್ಲ ಎಂದು ಕಾರ್ಖಾನೆಯವರು ಕೇಳುತ್ತಾರೆ. ಒಂದು ರೀತಿಯಲ್ಲಿ ಸರಿ. ಎಸೆಯುವುದಕ್ಕೆ ಕ್ರಯ ಸಿಕ್ಕರೆ ಎಸೆಯದೆ ತರುತ್ತಾರೆ. ಕ್ರಯ ಸಿಗುತ್ತದೆ ಎಂದು ಗೊತ್ತಾದ ಮೇಲೆ ಸಣ್ಣದನ್ನು ತಪ್ಪಿಸುವ ಬಲೆ ಹಾಕಲು ಯಾರಿಗೆ ಮನಸ್ಸು ಬರುತ್ತದೆ? ಬಲೆಯ ತುದಿಯ ಚೀಲಕ್ಕೆ 35 ಮಿ.ಮೀ. ಚೌಕ ಕಣ್ಣು ಇರಲಿ ಎಂಬ ಮಾತು ವರ್ಷಗಳಿಂದ ಇದೆ. ದಕ್ಕೆಯ ಲಾರಿ ನೋಡಿದರೆ ಅದು ಎಷ್ಟು ನಡೆಯುತ್ತಿದೆ ಎಂದು ಗೊತ್ತಾಗುತ್ತದೆ. ಬೋಟಿನ ಯಜಮಾನರು ಇದಕ್ಕೆ ಕೊಡುವ ಉತ್ತರವನ್ನೂ ಕೇಳಬೇಕು. ಒಳ್ಳೆಯ ಮೀನು ಸಿಗದ ಟ್ರಿಪ್ಪಿನಲ್ಲಿ ಡೀಸೆಲ್ ಖರ್ಚು ಸ್ವಲ್ಪವಾದರೂ ಹುಟ್ಟುವುದು ಈ ಲಾರಿಯಿಂದಲೇ ಅನ್ನುತ್ತಾರೆ. ಬ್ಯಾಂಕಿನ ಕಂತು ಮೀನಿನ ಸೈಜು ಕೇಳುವುದಿಲ್ಲ.

ಅಂದಹಾಗೆ ಮೀನನ್ನು ತಿನ್ನದೆ ಬೇರೆ ಕೆಲಸಕ್ಕೆ ಬಳಸುವುದು ಈ ಕರಾವಳಿಗೆ ಹೊಸದೇನಲ್ಲ. ಬ್ರಿಟಿಷರ ಕಾಲದಲ್ಲೇ ಇಲ್ಲಿ ಬೂತಾಯಿಯಿಂದ ಎಣ್ಣೆ ತೆಗೆದು, ಉಳಿದದ್ದನ್ನು ಗೊಬ್ಬರ ಮಾಡಿ ಮಾರುತ್ತಿದ್ದರು. ತೆಂಗಿನ ಬುಡಕ್ಕೆ ಬೂತಾಯಿ ಹಾಕುವುದು ಗೊತ್ತಿಲ್ಲದ ಮನೆ ಆಗ ಕಡಿಮೆ. ಆದರೆ ಅದು ತಿಂದು ಮಿಕ್ಕ ದೊಡ್ಡ ಮೀನು. ಈಗ ಹೋಗುವುದು ತಿನ್ನುವ ಗಾತ್ರಕ್ಕೇ ಬರದ ಮೀನು.

ಮಾರುವ ಹೆಂಗಸರ ಲೆಕ್ಕ ಯಾವ ವರದಿಯಲ್ಲೂ ಸರಿಯಾಗಿ ಸಿಗುವುದಿಲ್ಲ. ಉಡುಪಿ, ಮಂಗಳೂರು ಮಾರುಕಟ್ಟೆಯಲ್ಲಿ ಬಂಗುಡೆ, ಬೂತಾಯಿ ಕೇಳುವ ರೀತಿಯೇ 'ನೂರಕ್ಕೆ ಎಷ್ಟು?' ಎಂದು. ಅಕ್ಕ 'ಎಂಟು' ಅನ್ನುತ್ತಾಳೆ. ಇನ್ನೊಂದು ದಿನ 'ಐದು' ಅನ್ನುತ್ತಾಳೆ. ಕ್ರಯ ಏರಿತು ಎಂದು ನಾವು ಮುಖ ಸಿಂಡರಿಸಿಕೊಂಡು ಮುಂದೆ ಹೋಗುತ್ತೇವೆ. ಆದರೆ ಎಂಟು ಇದ್ದಿದ್ದು ಐದಾಗಿದ್ದು ಕ್ರಯ ಏರಿದ್ದರಿಂದಲೋ, ಮೀನು ದೊಡ್ಡದಾಗಿದ್ದರಿಂದಲೋ ಎಂಬುದು ಅವಳಿಗೆ ಮಾತ್ರ ಗೊತ್ತು. ಯಾವ ತಿಂಗಳಲ್ಲಿ ಯಾವ ಮೀನು, ಯಾವ ಗಾತ್ರದ್ದು, ಮೊಟ್ಟೆ ಇತ್ತೋ ಇಲ್ಲವೋ ಎಂಬುದೆಲ್ಲ ಅವಳ ಕೈಗೆ ನೆನಪಿದೆ, ಯಾಕೆಂದರೆ ಮೀನು ಕುಯ್ದು ಹೊಟ್ಟೆ ತೆಗೆದುಕೊಡುವವಳು ಅವಳು. ಅವಳು ದೂರುವುದು ಬೇರೆಯವರನ್ನು. ಸ್ಕೂಟರಿನಲ್ಲಿ ಹಾರ್ನ್ ಹೊಡೆದುಕೊಂಡು ಮನೆಬಾಗಿಲಿಗೆ ಹೋಗುವವರು, ಮೊಬೈಲಿನಲ್ಲಿ ಆರ್ಡರ್ ತೆಗೆದುಕೊಳ್ಳುವವರು, ಎಸಿ ಅಂಗಡಿಯವರು. ಮೀನಿನ ಸಮಸ್ಯೆ ಎಂದಾಗ ನಾವು ಇದನ್ನು ಸೇರಿಸುವುದೇ ಇಲ್ಲ. ಆದರೆ ಅವಳ ಮನೆಯಲ್ಲಿ ಸಮಸ್ಯೆ ಎಂದರೆ ಇದೇ.

ಇವರೆಲ್ಲರಿಗಿಂತ ದನಿ ಸಣ್ಣದಾದವರು ಇನ್ನೂ ಇದ್ದಾರೆ. ಬೋಟಿನಲ್ಲಿ ದುಡಿಯುವ ಕಲಾಸಿಗಳು ಈಗ ಉತ್ತರ ಕನ್ನಡದಿಂದ, ಆಂಧ್ರದಿಂದ, ಒಡಿಶಾದಿಂದ ಬರುತ್ತಾರೆ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು 7 ಮಂದಿಯೊಂದಿಗೆ ಕಾಣೆಯಾಯಿತು. ಅವಶೇಷ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಕಡಲಲ್ಲಿ. ಮೀನು ಹುಡುಕಿಕೊಂಡು ಬೋಟು ದೂರ ದೂರ ಹೋಗುವುದಕ್ಕೆ ಡೀಸೆಲ್ ಮಾತ್ರ ಖರ್ಚಲ್ಲ.

ದಡದಲ್ಲಿ ಮೀನು ಹೊರುವ, ಆರಿಸುವ ಕೆಲಸಕ್ಕೆ ಉತ್ತರ ಕರ್ನಾಟಕದಿಂದ ಬಂದ ಕುಟುಂಬಗಳಿವೆ. 2025ರ ಮಾರ್ಚ್‌ನಲ್ಲಿ ಮಲ್ಪೆ ಬಂದರಿನಲ್ಲಿ ಸಿಗಡಿ ಕದ್ದ ಆರೋಪ ಹೊರಿಸಿ ಹೀಗೆ ಕೆಲಸಕ್ಕೆ ಬಂದ ದಲಿತ ಮಹಿಳೆಯೊಬ್ಬರನ್ನು ಮರಕ್ಕೆ ಕಟ್ಟಿ ಹೊಡೆದರು. ವಿಡಿಯೋ ರಾಜ್ಯವೆಲ್ಲ ಓಡಾಡಿತು. ಬಂಧನವಾಯಿತು, ಬಂಧನದ ವಿರುದ್ಧ ಪ್ರತಿಭಟನೆಯೂ ಆಯಿತು. ಕಳ್ಳತನ ಹೆಚ್ಚಾಗಿದೆ, ನಮ್ಮ ಕಷ್ಟ ಯಾರೂ ಕೇಳುವುದಿಲ್ಲ ಎಂದು ಮೀನುಗಾರರು ಹೇಳಿದರು. ಅವರ ಕಷ್ಟ ಸುಳ್ಳಲ್ಲ. ಆದರೆ ಕಷ್ಟ ಅರ್ಥ ಮಾಡಿಕೊಳ್ಳುವುದಕ್ಕೂ, ಕಟ್ಟಿ ಹೊಡೆದದ್ದನ್ನು ಒಪ್ಪುವುದಕ್ಕೂ ಸಂಬಂಧವಿಲ್ಲ. ಎಲ್ಲ ಕಡೆಯ ಮಾತು ಕೇಳಬೇಕು ಎಂದಾಗ ಕೆಲವರು ಇಲ್ಲಿಗೆ ಬಂದು ಎಡವುತ್ತಾರೆ. ಎರಡು ಕಡೆಯೂ ಸಮ ಎಂದು ತಕ್ಕಡಿ ಹಿಡಿಯುತ್ತಾರೆ. ನನ್ನ ಮಟ್ಟಿಗೆ ಅಲ್ಲಿ ತಕ್ಕಡಿಯ ಕೆಲಸವೇ ಇರಲಿಲ್ಲ. ಆ ದಿನದವರೆಗೆ ದಕ್ಕೆಯಲ್ಲಿ ಈ ಹೆಂಗಸರ ದಿನಗೂಲಿ ಎಷ್ಟು, ಅವರು ಎಲ್ಲಿ ಮಲಗುತ್ತಾರೆ, ಅವರ ಪರವಾಗಿ ಮಾತಾಡುವ ಸಂಘ ಯಾವುದು ಎಂದು ಕೇಳಿದವರು ನಮ್ಮಲ್ಲಿ ಎಷ್ಟು ಜನ? ಮೀನಿನ ಬಗ್ಗೆ ನಡೆಯುವ ಸಭೆಗೆ ಬೋಟಿನ ಸಂಘ ಬರುತ್ತದೆ, ನಾಡದೋಣಿ ಸಂಘ ಬರುತ್ತದೆ, ಅಧಿಕಾರಿಗಳು ಬರುತ್ತಾರೆ. ಬುಟ್ಟಿ ಹೊರುವವರಿಗೆ ಕುರ್ಚಿ ಇರುವುದಿಲ್ಲ.

ನಮ್ಮ ಜಿಲ್ಲೆಗಳಲ್ಲಿ ಇನ್ನೊಂದು ಕಾಯಿಲೆಯಿದೆ. ಯಾವ ಸಮಸ್ಯೆ ಬಂದರೂ ಸಂಜೆಯೊಳಗೆ ಅದಕ್ಕೆ ಎರಡು ಪಾರ್ಟಿ, ಎರಡು ಬಣ್ಣ. ಆಮೇಲೆ ಮೀನಿನ ಮಾತು ಯಾರಿಗೂ ಬೇಡ. ಮೊಗವೀರರು, ಖಾರ್ವಿಗಳು, ಬ್ಯಾರಿಗಳು ಒಂದೇ ದಕ್ಕೆಯಲ್ಲಿ ಒಬ್ಬರು ಹಿಡಿದದ್ದನ್ನು ಇನ್ನೊಬ್ಬರು ಕೊಂಡು ಮಾರುವ ವ್ಯಾಪಾರ ಇದು. ಇದರಲ್ಲಿ ಜಾತಿ, ಧರ್ಮ ಇಲ್ಲ ಎಂದಲ್ಲ. ಆದರೆ 'ಮೀನು ಯಾಕೆ ಸಣ್ಣದು' ಎಂಬುದಕ್ಕೆ ಉತ್ತರ ಅಲ್ಲಿ ಸಿಗುವುದಿಲ್ಲ.

ಕಾನೂನಿನ ಕಡೆಯಿಂದ ನೋಡಿದರೂ ಕಡಲು ಹೋಳಾಗಿದೆ. ದಡದಿಂದ 12 ನಾಟಿಕಲ್ ಮೈಲು, ಅಂದರೆ ಸುಮಾರು 22 ಕಿ.ಮೀ. ರಾಜ್ಯ ಸರಕಾರದ್ದು. ಅಲ್ಲಿ ನಡೆಯುವುದು 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ. ಆಚೆಗೆ 200 ಮೈಲಿನವರೆಗೆ ಕೇಂದ್ರದ್ದು. ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲ್ ಮತ್ತು ಎಲ್‌ಇಡಿ ಬೆಳಕಿನ ಮೀನುಗಾರಿಕೆಯನ್ನು ಕೇಂದ್ರ 2017ರಲ್ಲೇ ನಿಷೇಧಿಸಿದೆ. ರಾತ್ರಿ ಕಡಲಲ್ಲಿ ಜನರೇಟರ್ ಹಚ್ಚಿ ಬೆಳಕು ಹಾಯಿಸುವವರನ್ನು ಹಿಡಿಯುವುದು ಹೇಗೆ? ಗಸ್ತು ಬೋಟು ಬರುವುದರೊಳಗೆ ಲೈಟ್ ಆಫ್. ಕೇರಳದಲ್ಲಿ ಮಳೆಗಾಲದ ಟ್ರಾಲಿಂಗ್ ನಿಷೇಧ 52 ದಿನ, ನಮ್ಮಲ್ಲಿ 61. ಮೀನಿಗೆ ಕೇರಳ ಗಡಿಯ ತಲಪಾಡಿಯ ಚೆಕ್‌ಪೋಸ್ಟ್ ಗೊತ್ತಿಲ್ಲ. 'ನಾವು ಬಿಟ್ಟ ಮೀನನ್ನು ಅವರು ಹಿಡಿಯುತ್ತಾರೆ' ಎಂಬ ನಮ್ಮವರ ಮಾತು ಸುಮ್ನೆ ನೆವ ಅಲ್ಲ.

ಇಷ್ಟನ್ನೂ ಒಟ್ಟಿಗೆ ಇಟ್ಟಾಗ, ಒಬ್ಬರದೇ ಮಾತು ಕೇಳಿದಾಗ ಕಾಣದ ಒಂದು ಜಾಗ ಕಾಣುತ್ತದೆ. ಮಳೆ, ಕಡಲಿನ ಬಿಸಿ ಜಿಲ್ಲಾಧಿಕಾರಿಯ ಕೈಯಲ್ಲಿಲ್ಲ. ರಾತ್ರಿ ಕಡಲಲ್ಲಿ ನೂರಾರು ಬೋಟಿನ ಬಲೆಯ ಕಣ್ಣು ಅಳೆಯುವುದು ಆಗದ ಕೆಲಸ. ಆದರೆ ಮರಿ ಮೀನು ಎಲ್ಲಿ ಸಿಕ್ಕಿದರೂ ಕೊನೆಗೆ ಬರುವುದು ಕೆಲವೇ ಕೆಲವು ಗೇಟುಗಳಿಗೆ. ಕೇರಳ 2015ರಲ್ಲಿ ಇಷ್ಟು ಉದ್ದಕ್ಕಿಂತ ಸಣ್ಣ ಮೀನು ಹಿಡಿಯಬಾರದು ಎಂದು ನಿಯಮ ತಂದಿತು. ಅಲ್ಲಿ ಬೂತಾಯಿಗೆ 10 ಸೆಂ.ಮೀ., ಬಂಗುಡೆಗೆ 14 ಸೆಂ.ಮೀ. ಅಂಥ ನಿಯಮವನ್ನು ಹಿಡಿಯುವವನ ಮೇಲೆ ಮಾತ್ರ ಹೊರಿಸುವ ಬದಲು ಕೊಳ್ಳುವವನ ಮೇಲೂ ಹಾಕಬಹುದು. ಫಿಶ್‌ಮೀಲ್ ಕಾರ್ಖಾನೆಯ ಗೇಟಿನಲ್ಲಿ ಲಾರಿ ನಿಲ್ಲಿಸಿ, ರಾಶಿಯಿಂದ ಒಂದು ಬುಟ್ಟಿ ತೆಗೆದು, ಸ್ಕೇಲ್ ಇಟ್ಟು ನೋಡುವುದು. ಅಳೆಯಲು ಮಂಗಳೂರಿನಲ್ಲೇ 1969ರಿಂದ ಇರುವ ಮೀನುಗಾರಿಕಾ ಕಾಲೇಜಿನ ವಿದ್ಯಾರ್ಥಿಗಳಿದ್ದಾರೆ.

ಇದಕ್ಕೆ ವಿರೋಧ ಎಲ್ಲಿಂದ ಬರುತ್ತದೆ ಎಂಬುದೂ ಗೊತ್ತು. ಕಾರ್ಖಾನೆಯವರಿಗಿಂತ ಮೊದಲು ಬರುವುದು ಸಾಲ ಮಾಡಿ ಬೋಟು ಕಟ್ಟಿಸಿದವರಿಂದ. ಲಾರಿಗೆ ಹೋಗುವ ಮೀನಿನ ದುಡ್ಡು ನಿಂತ ಮೊದಲ ಎರಡು ವರ್ಷ ಅವರು ತಡೆದುಕೊಳ್ಳಬೇಕು. ಡೀಸೆಲ್‌ಗೆ ಕೊಡುವ ಸಬ್ಸಿಡಿಯಲ್ಲಿ ಒಂದು ಭಾಗವನ್ನು ದೊಡ್ಡ ಕಣ್ಣಿನ ಬಲೆ ಹಾಕಿದವರಿಗೆ ಮಾತ್ರ ಎಂದು ಮೀಸಲಿಡಬಹುದು. ಕಂತಿಗೆ ಅಷ್ಟು ಸಮಯ ಬಿಡುವು ಕೊಡಬಹುದು. ಕಾಸರಗೋಡಿನಿಂದ ಕಾರವಾರ ದಾಟಿ ಗೋವಾದವರೆಗೆ ಒಂದೇ ಅಳತೆ ಇರಬೇಕು, ಇಲ್ಲದಿದ್ದರೆ ಲಾರಿ ಗಡಿ ದಾಟಿ ಹೋಗುತ್ತದೆ. ಮುಂದಿನ ಸಲ ಇದರ ಬಗ್ಗೆ ಸಭೆ ಕರೆಯುವಾಗ ಏಲಂ ಕೂಗುವ, ಬುಟ್ಟಿ ಹೊರುವ ಹೆಂಗಸರಲ್ಲಿ ನಾಲ್ಕು ಜನರಿಗೂ ಪತ್ರ ಹೋಗಲಿ. ಸಭೆಯನ್ನು ಬೆಳಿಗ್ಗೆ ಹತ್ತಕ್ಕೆ ಇಡಬೇಡಿ, ಅದು ಅವರ ವ್ಯಾಪಾರದ ಹೊತ್ತು.